ಮಹದೇವಣ್ಣನ ಗುಂಡುಸೂಜಿ

ವಿಟಮಿನ್ ಇ ಮಾತ್ರೆ ಕೇಳಿದವರಿಗೆ ಮಹದೇವಣ್ಣ ಅದನ್ನು ಕೊಂದೇ ಕೊಡುತ್ತಿದ್ದರು. ಪಟ್ಟಿಯಿಂದ ಆ ಹಸಿರು ಮಾತ್ರೆಯನ್ನು ಹೆಬ್ಬೆರಳಲ್ಲಿ ಒತ್ತಿ ಹೊರಗೆ ತೆಗೆದು, ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿ ಕಿತ್ತು, ಗಿರಾಕಿಯ ಕಣ್ಣೆದುರೇ ಒಂದು ತಿವಿತ. ಒಳಗಿನ ಎಣ್ಣೆ ಪಿಚಕ್ಕನೆ ಗಾಜಿನ ಕೌಂಟರಿನ ಮೇಲೆ ಚಿಮ್ಮುತ್ತಿತ್ತು. ತೂತು ಬಿದ್ದ ಮಾತ್ರೆಯನ್ನು ಕಾಗದದ ಪೊಟ್ಟಣಕ್ಕೆ ಹಾಕಿ, "ತಗಳಿ, ಮನೆಗೋದೇಟ್ಗೆ ಮುಖಕ್ಕೆ ಹಚ್ಕಬುಡಿ" ಎಂದು ಮುಂದಕ್ಕೆ ದಬ್ಬುತ್ತಿದ್ದರು.

ಒಂಟಿಕೊಪ್ಪಲಿನ ಅವರ ಔಷಧಿ ಅಂಗಡಿ ನಮ್ಮ ಬಸ್ ನಿಲ್ದಾಣದ ಎದುರಿಗೇ ಇತ್ತು. ನಾನು ಹೆಬ್ಬಾಳದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವಾಗ ಬಸ್ಸು ಬರುವ ತನಕ ಈ ವಧೆಯನ್ನು ನೋಡುತ್ತ ನಿಲ್ಲುತ್ತಿದ್ದೆ. ನಮ್ಮ ಕಡೆ ಆ ಮಾತ್ರೆಯನ್ನು ನುಂಗುವವರಿಗಿಂತ ಹಚ್ಚಿಕೊಳ್ಳುವವರೇ ಹೆಚ್ಚು. ಮುಖ ಹೊಳೆಯುತ್ತದೆ, ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚಿದರೆ ಕೂದಲು ಉದುರುವುದಿಲ್ಲ ಎಂದು ನಂಬಿಕೆ. ಹಾಗಾಗಿ ಮಹದೇವಣ್ಣನ ಮೊದಲ ಪ್ರಶ್ನೆ "ಮುಖಕ್ಕೋ, ಹೊಟ್ಟೆಗೋ?" ಮುಖಕ್ಕೆ ಎಂದರೆ ಸೂಜಿ. ಹೊಟ್ಟೆಗೆ ಎಂದರೆ ಡಾಕ್ಟರ ಚೀಟಿ ತೋರಿಸಬೇಕು. ಚೀಟಿ ಇಲ್ಲದವರಿಗೆ ಬೈಗುಳ ಧಾರಾಳವಾಗಿ ಸಿಗುತ್ತಿತ್ತು.

ಆಳು ನೋಡಲು ಗಿಡ್ಡ, ಆದರೆ ದಪ್ಪ ಕತ್ತು. ಪ್ರಾಯದಲ್ಲಿ ಗರಡಿಗೆ ಹೋದವರು. ಕುಸ್ತಿಯಲ್ಲಿ ಜಜ್ಜಿಹೋದ ಎಡಗಿವಿ ಮುದುರಿಕೊಂಡೇ ಇತ್ತು. ಹಣೆಯಲ್ಲಿ ಮೂರು ಎಳೆ ವಿಭೂತಿ, ಕತ್ತಿನಲ್ಲಿ ಲಿಂಗ, ಬಾಯಲ್ಲಿ ಮಾತ್ರ ಶಿವ ಮೆಚ್ಚುವಂಥದ್ದು ಒಂದೂ ಇಲ್ಲ. ಕೋಪ ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಸ್ಟೇಪ್ಲರ್ ಎಸೆದು ಎದುರು ಗೋಡೆಯ ಗಡಿಯಾರ ಒಡೆದಿದ್ದರು. ಅದು ಹನ್ನೊಂದೂಕಾಲಿಗೇ ನಿಂತಿತ್ತು, ಅವರು ಅದನ್ನು ಇಳಿಸಲೂ ಇಲ್ಲ.

ಒಮ್ಮೆ ಒಬ್ಬರು ಸ್ಕೂಲ್ ಮೇಡಂ ಮೊಬೈಲ್ ಹಿಡಿದು ವಾದಕ್ಕೆ ನಿಂತರು. "ಇದು ಬರೀ ವಿಟಮಿನ್ ಕಣ್ರೀ, ಔಷಧಿ ಅಲ್ಲ. ವಿಟಮಿನ್ ಒಳ್ಳೇದು ತಾನೇ? ನುಂಗಿದ್ರೆ ಏನಾಗುತ್ತೆ?"

"ಕಾವೇರಿ ನೀರೂ ಒಳ್ಳೇದೇ ಕಣಮ್ಮ. ಅಂತ ಕಟ್ಟೆ ಬಾಗ್ಲು ತಗ್ದಾಗ ಎದ್ರುಗೋಗಿ ನಿಂತ್ಕತೀರಾ?" ಎಂದು ಮಹದೇವಣ್ಣ ಆ ಮಾತ್ರೆಪಟ್ಟಿಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಮೇಡಂ ಆಮೇಲೆ ಆ ಅಂಗಡಿಯ ಕಡೆಗೆ ಸುಳಿಯಲಿಲ್ಲ.

ಇನ್ನೊಂದು ಸಲ ಟೈ ಕಟ್ಟಿಕೊಂಡ ಒಬ್ಬ ಮಾರಾಟಗಾರ ಬಂದು, ವಿಟಮಿನ್ ಇ ತುಂಬಿದ ಡಬ್ಬಿಗಳ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಚೀಟಿಪಾಟಿ ಏನೂ ಬೇಡ ಸಾರ್, ವಯಸ್ಸಾದವರಿಗೆಲ್ಲ ಕೊಡಿ ಎಂದ. ಮಹದೇವಣ್ಣ ಪೆಟ್ಟಿಗೆ ಎತ್ತಿ ನಡುರಸ್ತೆಗೆ ಒಗೆದರು. ಅದರ ಮೇಲೆ ನಮ್ಮ ಹೆಬ್ಬಾಳದ ಬಸ್ಸೇ ಹತ್ತಿ ಹೋಯಿತು. ಆತ ಏನೋ ಅನ್ನಲು ಬಾಯಿ ತೆರೆದದ್ದೇ ತಡ, ಟೈ ಹಿಡಿದು ಎಳೆದು ಕಪಾಳಕ್ಕೆ ಒಂದು ಬಿಟ್ಟರು. ತುಟಿ ಒಡೆದು ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ನಾವು ನಿಲ್ದಾಣದಲ್ಲಿದ್ದವರು ನಕ್ಕೆವು. ಹೌದು, ನಕ್ಕೆವು. ಅವತ್ತು ನನಗೆ ಅದು ತಮಾಷೆಯಾಗಿಯೇ ಕಂಡಿತ್ತು.

ಶಾಂತವಾಗಿದ್ದಾಗ ಮಾತ್ರ ಅವರಷ್ಟು ಚೆನ್ನಾಗಿ ತಿಳಿಸಿ ಹೇಳುವವರಿರಲಿಲ್ಲ. "ನೋಡವ್ವ, ನಿಂಬೆಹಣ್ಣಿನ ವಿಟಮಿನ್ನು ಎಚ್ಚಾದ್ರೆ ಉಚ್ಚೇಲಿ ಓಯ್ತದೆ. ಇದು ಅಂಗಲ್ಲ. ಎಣ್ಣೆ ಜಾತಿ. ಮೈಯಿನ ಕೊಬ್ಬೊಳೀಕೆ ಓಗಿ ಕುಂತ್ಕತದೆ. ದಿನಕ್ಕೆ ಬೇಕಾದ್ದು ಒಂಚೂರು, ಅದು ಕಡ್ಲೆಕಾಯೀಲೂ ಅದೆ, ಸೊಪ್ನಲ್ಲೂ ಅದೆ, ಒಗ್ಗರಣೆ ಎಣ್ಣೇಲೂ ಅದೆ. ಈ ಮಾತ್ರೇಲಿ ಅದ್ರ ಎಷ್ಟೋ ಪಟ್ಟು ತುಂಬವ್ರೆ. ಜಾಸ್ತಿ ಆದ್ರೆ ರಕ್ತ ಬೇಗ ಹೆಪ್ಪುಗಟ್ಟಕಿಲ್ಲ. ಅದ್ರ ಮ್ಯಾಲೆ ರಕ್ತ ತೆಳು ಮಾಡೋ ಔಷ್ದಿನೂ ತಿಂತಾ ಇದ್ದೋರಾದ್ರೆ, ಮುಗೀತು." ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ, ಬಸ್ಸು ಹತ್ತಿದೆ. ನಮ್ಮ ಮನೆಯಲ್ಲೇ ಅಂಥವರೊಬ್ಬರಿದ್ದರು. ಆದರೂ ನನಗೆ ಹೊಳೆಯಲಿಲ್ಲ.

ಅಪ್ಪನಿಗೆ ಹೃದಯದ ಕವಾಟ ಬದಲಾಯಿಸಿದ್ದರು. ಅವತ್ತಿನಿಂದ ದಿನವೂ ಸಂಜೆ ರಕ್ತ ತೆಳುವಾಗಿಸುವ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅಪ್ಪನ ಮಾತ್ರೆಯನ್ನು ಕೊಡುತ್ತಿದ್ದವರೂ ಮಹದೇವಣ್ಣನೇ. ಸಿದ್ಧಾರ್ಥನಗರದಲ್ಲಿರುವ ನನ್ನ ಅಕ್ಕನ ಗಂಡ ಲೋಕೇಶ ಭಾವ ಆಗ ಹೊಸದಾಗಿ ಆರೋಗ್ಯದ ಡಬ್ಬಿಗಳನ್ನು ಮನೆಮನೆಗೆ ಮಾರುವ ವ್ಯವಹಾರಕ್ಕೆ ಸೇರಿಕೊಂಡಿದ್ದರು. ಬಂಗಾರದ ಬಣ್ಣದ ಅಕ್ಷರವಿದ್ದ ಡಬ್ಬಿಗಳನ್ನು ತಂದು, "ಮಾವ, ಇದು ಹೃದಯಕ್ಕೆ ಬಲ. ದಿನಕ್ಕೆ ಮೂರು" ಎಂದು ಅಪ್ಪನ ಕೈಗೆ ಕೊಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ನಮ್ಮಮ್ಮನ ಅಭ್ಯಾಸ ಹೇಳಲೇಬೇಕು. ಅಂಗಡಿಯಿಂದ ಬಂದ ಯಾವ ಪದಾರ್ಥವೂ ಅದರ ಡಬ್ಬಿಯಲ್ಲಿ ಒಂದು ರಾತ್ರಿ ಕಳೆಯುವಂತಿಲ್ಲ. ಅಮ್ಮ ಆ ಮಾತ್ರೆಗಳನ್ನೆಲ್ಲ ಬಾದಾಮಿ ಇಡುವ ಸ್ಟೀಲ್ ಡಬ್ಬಕ್ಕೆ ಸುರಿದು, ಬಂಗಾರದ ಡಬ್ಬಿಗಳನ್ನು ತೊಳೆದು ಸಾಸಿವೆ, ಮೆಂತ್ಯಕ್ಕೆ ಇಟ್ಟುಕೊಂಡಳು. ಅಂಟಿಸಿದ್ದ ಚೀಟಿಯಲ್ಲಿ ಏನಿತ್ತೋ ಅದು ಬಚ್ಚಲಿನ ನೀರಲ್ಲಿ ಹೋಯಿತು. ಬೆಳಿಗ್ಗೆ ನೆನೆಸಿದ ನಾಲ್ಕು ಬಾದಾಮಿಯ ಜೊತೆಗೆ ಒಂದು ಮಾತ್ರೆ, ಮಧ್ಯಾಹ್ನ ಒಂದು, ಸಂಜೆ ಹಾಲಿಗೆ ಒಂದು. ಡಾಕ್ಟರು "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಎಂದಾಗ ಅಪ್ಪ, ಅಮ್ಮ, ನಾನು ಮೂವರೂ ಇಲ್ಲ ಎಂದೆವು. ಸುಳ್ಳು ಹೇಳಿದ್ದಲ್ಲ. ಅಳಿಯ ತಂದದ್ದು, ಬಾದಾಮಿ ಡಬ್ಬದಲ್ಲಿರುವುದು ಮಾತ್ರೆ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ. ಮೈಯಲ್ಲಿ ಹುರುಪು ಬಂದಿದೆ ಎಂದು ಅಪ್ಪ ಆಮೇಲೆ ಎರಡು ತಿಂಗಳು ಪರೀಕ್ಷೆಗೂ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ, ವಸಡಿನ ರಕ್ತ ನಿಲ್ಲುವುದಕ್ಕೆ ಒಂದು ಪೇಸ್ಟ್ ಕೊಡಿ ಮಹದೇವಣ್ಣ ಎಂದೆ.

"ಯಾರ್ಗೆ?"

"ಅಪ್ಪನಿಗೆ. ಹಲ್ಲುಜ್ಜುವಾಗ ರಕ್ತ ಬರ್ತಿದೆ. ಕೈಮೇಲೆಲ್ಲ ನೀಲಿ ಕಲೆ ಕೂಡ."

ಅವರ ಮುಖ ಬಿಳಿಚಿತು. ತಕ್ಷಣ ಶಟರ್ ಎಳೆದು, ಸ್ಕೂಟರ್ ಹತ್ತಿ, "ಕೂತ್ಕಮ್ಮ" ಎಂದರು. ದಾರಿಯುದ್ದಕ್ಕೂ "ಏನ್ ತಿಂತಾವ್ರೆ? ನೆಪ್ಪು ಮಾಡ್ಕೊಂಡು ಯೋಳು, ಏನ್ ತಿಂತಾವ್ರೆ?" ಎಂದು ಗದರುತ್ತಲೇ ಇದ್ದರು. ನಾನು ಏನೂ ಇಲ್ಲ ಎನ್ನುತ್ತಲೇ ಇದ್ದೆ.

ಮನೆಗೆ ಬಂದವರು ನೇರ ಅಡುಗೆಮನೆಗೆ ನುಗ್ಗಿದರು. ಅಮ್ಮ "ಏನಪ್ಪಾ ಇದು" ಎನ್ನುವಷ್ಟರಲ್ಲಿ ಶೆಲ್ಫಿನ ಮೇಲಿನ ಡಬ್ಬಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಅವಲಕ್ಕಿ, ತೊಗರಿಬೇಳೆ, ಬೆಲ್ಲ. ಐದನೆಯದೋ ಆರನೆಯದೋ ಬಾದಾಮಿ ಡಬ್ಬ. ನೆಲದ ಮೇಲೆ ಹಸಿರು ಮಾತ್ರೆಗಳು ಉರುಳಿಕೊಂಡು ಹೋದವು.

ಅವತ್ತೇ ಭಾವನೂ ಬಂದು ನಡುಮನೆಯಲ್ಲಿ ಅಪ್ಪನ ಪಕ್ಕ ಕೂತಿದ್ದರು. ಮುಂದಿನ ತಿಂಗಳ ಡಬ್ಬಿ ಅವರ ತೊಡೆಯ ಮೇಲಿತ್ತು. ಮಹದೇವಣ್ಣ ಅದನ್ನು ಕಿತ್ತುಕೊಂಡು ಚೀಟಿ ಓದಿದರು. ಒಂದೊಂದು ಮಾತ್ರೆಯಲ್ಲಿ ನಾನೂರು ಯೂನಿಟ್ ವಿಟಮಿನ್ ಇ. ದಿನಕ್ಕೆ ಮೂರು.

"ಇವ್ರು ರಕ್ತ ತೆಳು ಮಾಡೋ ಮಾತ್ರೆ ತಿಂತಾವ್ರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತು. ಆದರೆ ಇದು ಬರೀ ವಿಟಮಿನ್ ರೀ" ಎಂದರು ಭಾವ.

ಮಹದೇವಣ್ಣನ ಮುಷ್ಟಿ ಭಾವನ ಮೂಗಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೊರಳಪಟ್ಟಿ ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿ ಮತ್ತೆ ಹೊಡೆದರು. ಭಾವ ಕೂಗುವುದಕ್ಕೂ ಆಗದೆ ಬಾಯಲ್ಲಿ ರಕ್ತ ತುಂಬಿಕೊಂಡು ಒದ್ದಾಡಿದರು. ಅಮ್ಮ ಕಿರುಚುತ್ತಿದ್ದಳು. ಅಪ್ಪ ಎದ್ದು "ಏ ಮಾದೇವ, ನಿಲ್ಸೋ, ನಿಲ್ಸು" ಎಂದು ಇಬ್ಬರ ನಡುವೆ ಕೈ ಹಾಕಿದರು. ಮಹದೇವಣ್ಣ ತಿರುಗಿಯೂ ನೋಡದೆ ಮೊಣಕೈ ಬೀಸಿದರು. ಅಪ್ಪ ಹಿಂದಕ್ಕೆ ಬಿದ್ದರು. ತಲೆ ಹೊಸ್ತಿಲಿಗೆ ಬಡಿಯಿತು.

ಆಮೇಲೆ ಮಹದೇವಣ್ಣ ತಿರುಗಿ ನೋಡಿದರು. ಆ ಏಟಿನ ಅರ್ಥ ಏನೆಂದು ಆ ಮನೆಯಲ್ಲಿ ಚೆನ್ನಾಗಿ ತಿಳಿದಿದ್ದದ್ದು ಅವರೊಬ್ಬರಿಗೇ.

ಟವೆಲ್ಲು ಒದ್ದೆಯಾಯಿತು, ಇನ್ನೊಂದು ಟವೆಲ್ಲೂ ಒದ್ದೆಯಾಯಿತು. ರಕ್ತ ನಿಲ್ಲಲಿಲ್ಲ. ಮಹದೇವಣ್ಣ ಅಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬೀದಿಗೆ ಓಡಿದರು. ಹೋಗುತ್ತಿದ್ದ ಆಟೋಗೆ ಅಡ್ಡ ನಿಂತು, ಒಳಗಿದ್ದ ಪ್ರಯಾಣಿಕನನ್ನು ಹೊರಕ್ಕೆ ಎಳೆದು ಹಾಕಿ, ಅಪ್ಪನನ್ನು ಮಲಗಿಸಿಕೊಂಡರು. ನಾನೂ ಹತ್ತಿಕೊಂಡೆ. ಆಸ್ಪತ್ರೆ ಸೇರುವ ತನಕ ಅವರು ಗಾಯದ ಮೇಲಿನ ಅಂಗೈ ತೆಗೆಯದೆ, ನನ್ನನ್ನು ಒಂದೊಂದೇ ಕೇಳಿ ತಿಳಿದುಕೊಂಡರು. ಅಲ್ಲಿ ಡಾಕ್ಟರಿಗೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಯಾವ ಮಾತ್ರೆ, ಎಷ್ಟು, ಎಷ್ಟು ತಿಂಗಳಿಂದ, ಪರೀಕ್ಷೆ ಎಂದಿನಿಂದ ಇಲ್ಲ. ಕೊನೆಗೆ, "ತಳ್ಳಿದ್ದು ನಾನೇ" ಎಂದೂ ಸೇರಿಸಿದರು.

ತಲೆಯೊಳಗೆ ರಕ್ತ ಸುರಿದಿತ್ತು. ಒಳಗೆ ಅಪ್ಪನಿಗೆ ಸೂಜಿ, ರಕ್ತದ ಚೀಲ, ಆಪರೇಷನ್ ಎಂದು ಓಡಾಡುತ್ತಿದ್ದಾಗ ಹೊರಗೆ ನಾನು ಮಹದೇವಣ್ಣನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದೆ. ಉಗುರಿನಿಂದ ಕತ್ತು ಪರಚಿದೆ. ಸಾಯಿಸುವಷ್ಟು ಸಿಟ್ಟಿತ್ತು ನನಗೆ, ಈಗಲೂ ಅದಕ್ಕೆ ನಾಚಿಕೆಯಿಲ್ಲ. ಅವರು ಕೈ ಅಡ್ಡ ತರಲಿಲ್ಲ. ನನಗೆ ಸುಸ್ತಾಗಿ ಬೆಂಚಿನ ಮೇಲೆ ಕುಸಿದ ಮೇಲೆ ಪಕ್ಕದಲ್ಲಿ ನೆಲಕ್ಕೆ ಕೂತು, ಯಾರಿಗೂ ಹೇಳದ ಒಂದು ವಿಷಯ ಹೇಳಿದರು.

"ನಮ್ಮವ್ವಂಗೆ ಕಾಲ್ನಲ್ಲಿ ರಕ್ತ ಎಪ್ಪುಗಟ್ಟಿತ್ತು. ನಿಮ್ಮಪ್ಪಂಗೆ ಕೊಡೋ ರಕ್ತ ತೆಳು ಮಾಡೋ ಮಾತ್ರೇನೇ ತಿಂತಿತ್ತು. ಹಿಮ್ಮಡಿ ಒಡ್ದದೆ ಅಂತು. ಹಚ್ಕಳವ್ವ ಅಂತ ಆ ಹಸ್ರು ಮಾತ್ರೆ ಪಟ್ಟಿಗಟ್ಲೆ ತಂದ್ಕೊಟ್ಟೆ. ತಿನ್ನೋ ಸಾಮಾನ್ನ ಯಾರಾದ್ರೂ ಕಾಲ್ಗೆ ಬಳೀತಾರಾ ಅಂತ ನಮ್ಮವ್ವ ನುಂಗ್ತಿತ್ತು, ನಂಗೆ ಗೊತ್ತೇ ಆಗ್ನಿಲ್ಲ. ಬಚ್ಚಲಲ್ಲಿ ಜಾರಿ ಬಿತ್ತು ಅಷ್ಟೇ. ಅಂಗೇ ಓಗ್ಬುಡ್ತು."

ನಾನು ಸಮಾಧಾನ ಹೇಳಲಿಲ್ಲ. ಅವರ ಅವ್ವನ ಕಥೆ ಕೇಳಿ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಎಲ್ಲ ಗೊತ್ತಿದ್ದೂ ಮೊಣಕೈ ಬೀಸಿದರಲ್ಲ ಎಂದು.

ಅಪ್ಪ ಉಳಿದರು. ಬಂದ ತಕ್ಷಣವೇ ಎಲ್ಲ ಸರಿಯಾಗಿ ಹೇಳಿದ್ದರಿಂದ ರಕ್ತ ನಿಲ್ಲಿಸುವುದು ಬೇಗ ಆಯಿತು ಎಂದು ಡಾಕ್ಟರು ಹೇಳಿದರು. ಎಷ್ಟು ಪಾಲು ವಿಟಮಿನ್ನಿನದು, ಎಷ್ಟು ಪಾಲು ತಪ್ಪಿಸಿದ ಪರೀಕ್ಷೆಯದು, ಎಷ್ಟು ಪಾಲು ಹೊಸ್ತಿಲಿನದು ಎಂದು ಕೇಳಿದೆ. ಅದನ್ನು ಹಾಗೆ ಪಾಲು ಮಾಡಲು ಬರುವುದಿಲ್ಲಮ್ಮ ಎಂದರು. ಅಪ್ಪನ ಬಲಗೈ, ಬಲಗಾಲು ಸೋತುಹೋದವು. ಮಾತು ತೊದಲಿತು. ಅಕ್ಕ ಪೊಲೀಸಿಗೆ ದೂರು ಕೊಡೋಣ ಎಂದು ಹಾರಾಡಿದಳು. ಭಾವ ಮುರಿದ ಮೂಗಿಗೆ ಪಟ್ಟಿ ಹಾಕಿಕೊಂಡು, ಬೇಡ ಬಿಡು ಎಂದರು. ದೂರು ಎಂದರೆ ಡಬ್ಬಿಯ ವಿಷಯವೂ ಹೊರಗೆ ಬರುತ್ತದಲ್ಲ. ಆ ವ್ಯವಹಾರವನ್ನೂ ಅಲ್ಲಿಗೇ ನಿಲ್ಲಿಸಿದರು.

ಮಹದೇವಣ್ಣ ಆಮೇಲೆ ಅಂಗಡಿ ತೆರೆಯಲೇ ಇಲ್ಲ. ಅದನ್ನು ಕೊಂಡವರು ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ನಂಜನಗೂಡಿನ ಕಡೆಯ ತಮ್ಮ ಊರಿಗೆ ಹೋದವರು ಅಲ್ಲೇ ಹೋದ ವರ್ಷ ತೀರಿಕೊಂಡರಂತೆ. ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಅಪ್ಪ ಅವತ್ತು ಊಟ ಬಿಟ್ಟರು. ಸೂಜಿ ತಿವಿಯುವುದನ್ನು ನೋಡಿ ನಗುತ್ತಿದ್ದ ನಿಲ್ದಾಣದಲ್ಲಿ ನಿಂತು ನಾನು ಅತ್ತೆ.

ನಾನು ಅವರನ್ನು ಕೊನೆಗೆ ನೋಡಿದ್ದು ಊರು ಬಿಡುವ ಹಿಂದಿನ ದಿನ. ಮನೆಗೆ ಬಂದು, ಬಾಗಿಲಲ್ಲೇ ಬಹಳ ಹೊತ್ತು ನಿಂತು, ಒಳಗೆ ಬಂದು ಅಪ್ಪನ ಮಂಚದ ಎದುರು ಮಂಡಿಯೂರಿದರು. ಹಣೆಯಲ್ಲಿ ವಿಭೂತಿ ಇರಲಿಲ್ಲ.

"ಪುಟ್ಟಸ್ವಾಮಣ್ಣ, ನಂಗೆ ಒಡೀರಿ" ಎಂದರು. "ನೀವು ಒಡೀದೆ ನಾನು ಇಲ್ಲಿಂದ ಓಗಕಿಲ್ಲ."

ಅಪ್ಪ ತಲೆ ಅಡ್ಡಡ್ಡ ಆಡಿಸಿದರು. ಮಹದೇವಣ್ಣ ಅಪ್ಪನ ಸೋತ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಮ್ಮ ಕೆನ್ನೆಗೆ ಬಾರಿಸಿಕೊಂಡರು. ಒಂದು ಸಲ, ಎರಡು ಸಲ, ಆಮೇಲೆ ಲೆಕ್ಕವಿಲ್ಲದೆ. ಜಜ್ಜಿದ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಸುರಿಯಿತು, ಅಪ್ಪನ ಮೈಯೆಲ್ಲ ಮಂಚದ ಮೇಲೆ ಅಲುಗುತ್ತಿತ್ತು. ಅಮ್ಮನಿಗೂ ನನಗೂ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಅಪ್ಪ ತುಟಿ ಸೊಟ್ಟ ಮಾಡಿಕೊಂಡು ಕಷ್ಟಪಟ್ಟು ಹೇಳಿದರು. "ನಿಲ್ಸಯ್ಯ ಮಾದೇವ. ನನ್ ಭುಜ ನೋಯ್ತದೆ."

ಮಹದೇವಣ್ಣ ನಿಲ್ಲಿಸಿದರು. ಯಾರಾದರೂ ನಿಲ್ಲಿಸು ಎಂದಾಗ ಅವರು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.