ಜಪಾನಿನಲ್ಲೂ ವೋಲ್ಟೇಜು ಬಿದ್ದಿತ್ತು

ಮೊನ್ನೆ ಸಂಜೆ ಕಿಕ್ಕೇರಿಯ ಮಾವನ ಮನೆಯ ಪಡಸಾಲೆಯಲ್ಲಿ ಚಾರ್ಜರ್ ಹುಡುಕುತ್ತ ಚೀಲ ಬುಡಮೇಲು ಮಾಡಿದಾಗ, ಒಂದು ಪುಟ್ಟ ಬಿಳಿ ಅಡಾಪ್ಟರ್ ಉರುಳಿ ಬಿತ್ತು. ಎರಡು ಚಪ್ಪಟೆ ಕಾಲಿನದು. ನಮ್ಮ ಕಡೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೂ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆ ಪ್ಲಗ್ಗಿಗೆ ಅಂಥ ಮರ್ಯಾದೆಯೇನೂ ಇಲ್ಲ, ನಿಮಗೂ ಗೊತ್ತಿರಬಹುದು. ಪಿನ್ನು ಮುರಿದರೆ ವೈರಿನ ತುದಿ ಸುಲಿದು ತೂತಿಗೆ ತೂರಿಸಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿದರಾಯಿತು, ಮಿಕ್ಸಿ ತಿರುಗುತ್ತದೆ. ಮಾವ ಈ ವಿದ್ಯೆಯಲ್ಲಿ ಎತ್ತಿದ ಕೈ. ಅದು ಅಪಾಯವೆಂದು ನಾನು ಭಾಷಣ ಮಾಡಿದಾಗಲೆಲ್ಲ, “ನಾನಿನ್ನೂ ಬದ್ಕಿಲ್ವೇನ್ಲಾ” ಎಂದು ವಾದ ಮುಗಿಸುತ್ತಿದ್ದರು.

ಹಸು ಸಾಕುವವರ ತಂಡವೊಂದು ಜಪಾನು ನೋಡಲು ಹೊರಟಾಗ, ಅದರಲ್ಲಿದ್ದ ಮಾವ ಅತ್ತೆಯನ್ನೂ ಹೊರಡಿಸಿದರು. ಇಂಗ್ಲಿಷ್ ಬರುತ್ತದೆಂಬ ಸುಳ್ಳು ಕೀರ್ತಿಯಿಂದಾಗಿ ನನ್ನನ್ನೂ. ಅಲ್ಲಿನ ಊಟ ಅತ್ತೆಗೆ ಸೇರಲಿಲ್ಲ. ಬಾಳೆಹಣ್ಣಿನಲ್ಲೇ ದಿನ ದೂಡಿ, ಒಂದು ಬೆಳಿಗ್ಗೆ ಹೋಟೆಲಿನ ಮಂಚ ಬಿಟ್ಟು ಏಳಲೇ ಇಲ್ಲ. “ಒಂದ್ ಮುದ್ದೆ ಇದ್ದಿದ್ರೆ ಎದ್ದು ಕೂತ್ಕತಿದ್ದೆ ಕಣಪ್ಪ” ಎಂದರು. ಮಾವನ ಮುಖ ನೋಡಲಾಗಲಿಲ್ಲ. ಹುಟ್ಟಿದಾಗಿನಿಂದ ಒಲೆ ಮುಟ್ಟದ ಮನುಷ್ಯ, ಊರಿಂದ ಹೊತ್ತು ತಂದಿದ್ದ ರಾಗಿಹಿಟ್ಟನ್ನೂ ಕರೆಂಟಿನ ಕುಕ್ಕರನ್ನೂ ಹೊರಗೆ ತೆಗೆದರು.

ಕುಕ್ಕರಿನ ಗುಂಡು ಪಿನ್ನು ಅಲ್ಲಿನ ಸಣ್ಣ ಸೀಳಿನೊಳಗೆ ಹೋಗಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಮಾವ ಪಿನ್ನು ಕಿತ್ತೊಗೆಯಲು ವೈರಿಗೆ ಹಲ್ಲು ಹಾಕಿದ್ದರು. ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. “ಸಾಯ್ತೀರಿ ಮಾವ, ಬಿಡಿ” ಎಂದು ಬೈದು, ಕೆಳಗಿನ ಅಂಗಡಿಗೆ ಓಡಿ ಈ ಅಡಾಪ್ಟರ್ ತಂದೆ.

ಸಿಕ್ಕಿಸಿದೆವು. ನೀರು ಬೆಚ್ಚಗಾಯಿತು, ಅಷ್ಟೇ. ಎಳೆಮಗುವಿಗೆ ಹುಯ್ಯಲು ಸಾಕಿತ್ತು, ಮುದ್ದೆಗೆ ಸಾಲದು. ಆಮೇಲೆ ಕುಕ್ಕರಿನ ತಳ ಓದಿದೆ. ಅದಕ್ಕೆ ಇನ್ನೂರ ಮೂವತ್ತು ವೋಲ್ಟು ಬೇಕು, ಅಲ್ಲಿನ ಕರೆಂಟು ಬರೀ ನೂರು. ನನ್ನ ಚಾರ್ಜರಿನ ಮೇಲೆ ನೂರರಿಂದ ಇನ್ನೂರ ನಲವತ್ತು ಎಂದು ಬರೆದಿತ್ತು, ಅದು ಎಲ್ಲಿ ಬೇಕಾದರೂ ದುಡಿಯುತ್ತದೆ. ಕುಕ್ಕರಿಗೆ ಆ ಉದಾರಬುದ್ಧಿ ಇಲ್ಲ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸೀತು, ಕರೆಂಟನ್ನಲ್ಲ.

ಮಾವ ಒಪ್ಪಲಿಲ್ಲ. “ಯಾವನೋ ಮೋಟ್ರು ಆನ್ ಮಾಡವ್ನೆ ಕಣ್ಲಾ. ಅದ್ಕೇ ವೋಲ್ಟೇಜು ಬಿದ್ದೋಗದೆ.” ಕಿಕ್ಕೇರಿಯಲ್ಲಿ ಬಲ್ಬು ಮಂಕಾದರೆ ಪಕ್ಕದ ಜಮೀನಿನವರಿಗೆ ಕೂಗಿ ಪಂಪ್‌ಸೆಟ್ ನಿಲ್ಲಿಸುವುದು ವಾಡಿಕೆ. ಮಾವ ಪಂಚೆ ಎತ್ತಿ ಕಟ್ಟಿ, ಹೋಟೆಲಿನ ಆ ಮಹಡಿಯ ಬಾಗಿಲುಗಳನ್ನೆಲ್ಲ ತಟ್ಟುತ್ತ ಹೊರಟರು.

“ಒಸಿ ಮೋಟ್ರು ಆಫ್ ಮಾಡ್ರಪ್ಪ, ಎಂಡ್ತಿ ಅಸ್ಕಂಡವ್ಳೆ.”

ಬಾಗಿಲು ತೆರೆದವರೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮಾವನೂ ಬಗ್ಗಿದರು. ಒಬ್ಬರಂತೂ ಒಳಗೆ ಹೋಗಿ ಟಿವಿ ಆರಿಸಿ ಬಂದರು.

ಗಲಾಟೆ ಕೇಳಿ ಬಂದ ಹೋಟೆಲಿನ ಹೆಂಗಸೊಬ್ಬರು, ನನ್ನ ಕೈಸನ್ನೆ ನೋಡಿ, ಅಲ್ಲಿಯದೇ ಕುಕ್ಕರು ತಂದುಕೊಟ್ಟರು. ನೀರು ಕುದಿಯಿತು. ಅಲ್ಲಿನವರು ಉಣ್ಣುವ ಕಡ್ಡಿಗಳನ್ನೇ ಒಂದು ಹಿಡಿ ಕಟ್ಟಿ, ಹಿಟ್ಟಿನ ಕೋಲು ಮಾಡಿಕೊಂಡು ಮಾವ ತೊಳಸಿದರು. ಮುದ್ದೆಗಿಂತ ಗಂಟೇ ಹೆಚ್ಚಿತ್ತು. ಅತ್ತೆ ಎದ್ದು ಕೂತು, ಉಪ್ಪಿನಕಾಯಿ ನೆಂಚಿಕೊಂಡು ಪೂರ್ತಿ ನುಂಗಿದರು. ನನಗೆ ಹೋದ ಜೀವ ಬಂದಂತಾಯಿತು.

ಇಷ್ಟು ನೆನೆಯುವಷ್ಟರಲ್ಲಿ ಪಡಸಾಲೆಯ ಬಲ್ಬು ಮಂಕಾಯಿತು. “ಮೋಟ್ರು ನಿಲ್ಸ್ರಲಾ” ಎಂಬ ಮಾವನ ಕೂಗು ಅಡುಗೆಮನೆಯಿಂದ ಕೇಳಿತು. ಜಪಾನಿನಿಂದ ಬಂದಮೇಲೆ ಸಂಜೆಯ ಮುದ್ದೆ ಅವರದೇ. ನನ್ನ ತಟ್ಟೆಗೂ ಒಂದು ಬಿತ್ತು. ಮುರಿದರೆ ಒಳಗೆ ಒಣಹಿಟ್ಟಿನ ಗಂಟು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಿಸುಗುಟ್ಟಿದರು: “ಗಂಟು ಅಂತ ಅನ್‌ಬ್ಯಾಡ ಕಣಪ್ಪ. ಅಂದ್ರೆ ನಿಲ್ಸ್‌ಬುಡ್ತಾರೆ.”

ಗಂಟನ್ನು ಹಾಗೇ ನುಂಗಿ, “ಮಾವ, ಇನ್ನೊಂದು ಹಾಕಿ” ಎಂದೆ.