ವೀರಬಸಮ್ಮ ಕಟ್ಟಿದ ಮೂಲೆ

ನಾಗಲದಿನ್ನೆಯ ವೀರಬಸಮ್ಮನಿಗೆ ಸಿಟ್ಟು ಬಂದರೆ ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸುತ್ತಿತ್ತು. ಬರದೆ ಏನು ಮಾಡೀತು? ಮೂವತ್ತು ವರ್ಷ ನಡುಗಡ್ಡೆಯ ಹೊಲವನ್ನು ಹೊಳೆಯ ಬಾಯಿಗೆ ಬೀಳದಂತೆ ಕಾದವಳು ಆಕೆ.

ನಡುಗಡ್ಡೆಯ ಮೇಲ್ತುದಿ ಮೂಗಿನಂತೆ ನೀರಿಗೆ ಚಾಚಿದೆ. ಅದಕ್ಕೆ ಅಡ್ಡಲಾಗಿ ಯಾವ ಕಾಲದ್ದೋ ಒಂದು ಕೋಟೆಗೋಡೆ. ಕಟ್ಟಿದವರು ಹೋದರು, ಗೋಡೆ ಉಳಿಯಿತು; ಅದರ ಮರೆಯಲ್ಲಿ ಹೊಲದ ಮಣ್ಣೂ ಉಳಿಯಿತು. ಅದಕ್ಕೇ ಹೊಲದವರದೊಂದು ಪದ್ಧತಿ: ಹರಿಗೋಲು ಇಳಿದವರು ಬರಿಗೈಲಿ ಮೇಲೆ ಹೋಗುವಂತಿಲ್ಲ, ದಂಡೆಗೆ ಉರುಳಿದ ಒಂದು ಕಲ್ಲನ್ನಾದರೂ ಹೊತ್ತು ಗೋಡೆಗೆ ಸೇರಿಸಬೇಕು. ಉತ್ತರದ ಮೂಲೆ ಕುಸಿದಾಗ ವೀರಬಸಮ್ಮ ಅತ್ತೆಯೊಂದಿಗೆ ಎರಡು ಬೇಸಿಗೆ ಕಲ್ಲು ಹೊತ್ತು, ಅದನ್ನು ಬುಡದಿಂದ ಎಬ್ಬಿಸಿದ್ದಳು.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಹಳೆಯ ಕಟ್ಟಡ ಅಳೆಯುವ ಸಾಹೇಬನೊಬ್ಬ ಬಂದ. ಅದೇ ಮೂಲೆಯ ಮುಂದೆ ಟೋಪಿ ತೆಗೆದು ನಿಂತ. ಜೊತೆಗಿದ್ದ ಗುಮಾಸ್ತ ಸೇತುಮಾಧವ ಅವನ ಮಾತನ್ನು ಕನ್ನಡದಲ್ಲಿ ಹೇಳಿದ: “ಇಂಥಾ ಕೆಲಸ ಈಗಿನವರ ಕೈಲಿ ಆಗೂದಿಲ್ಲಂತ. ಇನ್ನ ಮ್ಯಾಲೆ ಯಾರೂ ಒಂದು ಕಲ್ಲೂ ಮುಟ್ಟಬಾರದಂತ.”

“ಯಾರ ಕೈಲಿ ಆಗೂದಿಲ್ಲ?” ವೀರಬಸಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. ಸಂದಿಗೆ ಕೈ ಹಾಕಿ ಒಂದು ಒಡೆದ ಬೀಸುಕಲ್ಲನ್ನು ಎಳೆದು ಸಾಹೇಬನ ಬೂಟಿನ ಮುಂದೆ ಹಾಕಿದಳು. “ನಮ್ಮತ್ತಿ ಬೀಸಿದ ಕಲ್ಲಿದು. ಮೂಲಿ ಕಟ್ಟಿದಾಕಿ ನಾನು!”

ಸಾಹೇಬನ ಮುಖ ಕೆಂಪಾಯಿತು. ಜೊತೆಗೆ ಕರೆತಂದಿದ್ದ ಆಳುಗಳ ಮುಂದೆ ಮರ್ಯಾದೆ ಹೋದ ಉರಿ ಅದು. ಹಳೆಯದರಲ್ಲಿ ಹೊಸದು ಬೆರೆಯಬಾರದು, ಕಿತ್ತುಹಾಕಿ ಎಂದ. ಆಳುಗಳು ಹಾರೆ ಹಾಕಿದರು. ವೀರಬಸಮ್ಮ ಬೈದಳು, ಅಡ್ಡ ನಿಂತಳು, ಎಳೆಸಿಕೊಂಡಳು. ಎರಡು ಬೇಸಿಗೆಯ ದುಡಿಮೆ ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಬಿತ್ತು. ಕಲ್ಲು ಮುಟ್ಟಿದರೆ ಜೈಲು ಎಂಬ ಫಲಕ ನೆಟ್ಟು ಹೋದರು.

ಶ್ರಾವಣದಲ್ಲಿ ಹೊಳೆ ಬಂತು. ಮೂಲೆ ಕಿತ್ತ ಆ ಬಾಯಿಯಿಂದಲೇ ನುಗ್ಗಿ ಅರ್ಧ ಹೊಲದ ಎರೆಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಫಲಕವೂ ಹೋಯಿತು.

ನೀರಿಳಿದ ದಿನ ವೀರಬಸಮ್ಮ ಅಂದೇ ಮನೆಗೊಯ್ದು ಇಟ್ಟಿದ್ದ ಆ ಬೀಸುಕಲ್ಲನ್ನು ಸೊಂಟಕ್ಕೇರಿಸಿಕೊಂಡು ಹರಿಗೋಲು ಇಳಿದಳು. ಹರಿಗೋಲಿನ ಮಲ್ಲಯ್ಯ ಹೆದರಿ ಹಿಂದೆಯೇ ಬಂದ. “ಸರ್ಕಾರದ ಹುಕುಂ ಐತಲ್ಲಬೇ, ಹೊಸಾದು ಕಟ್ಟಬಾರದಂತ?”

“ಯಾವ ಗೋಡಿ ಹಳೇದಾಗೇ ಹುಟ್ಟೈತಲೇ?” ಆಕೆ ಬೀಸುಕಲ್ಲನ್ನು ಕುಸಿದ ಮೂಲೆಯ ಬುಡಕ್ಕಿಟ್ಟು ಹಿಮ್ಮಡಿಯಿಂದ ಗುದ್ದಿದಳು. “ಇದೂ ಹಳೇದಾಗತೈತಿ. ಆಗ ಬಂದು ಟೋಪಿ ತಗೀಲಿ.”