ಹೂಪುಡಿ ಕಾಯುವ ಕೊಲ್ಲಾಪುರಮ್ಮ

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಟೊಮೆಟೊ ಬೀಜದ ಪ್ಲಾಟಿನ ಕೋಣೆಯಲ್ಲಿ ಕೊಲ್ಲಾಪುರಮ್ಮ ಫ್ರಿಜ್ಜಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಮುಚ್ಚಳ ಮುಟ್ಟುವುದಿಲ್ಲ. ಹೊರಗೆ ಹದಿನೆಂಟು ಕೂಲಿ ಹೆಂಗಸರು ಕಾಯುತ್ತಿದ್ದರೂ ಅರ್ಧ ಗಂಟೆ ಜಗ್ಗುವವರಲ್ಲ ಅವರು.

"ತಣ್ಣಗಿದ್ದಾಗ ತೆಗೆದ್ರೆ ಒಳಗೆ ಬೆವರ್ತೈತೆ. ಬೆವರಿದ್ರೆ ಪುಡಿ ಸತ್ತಂಗೇ," ಎನ್ನುತ್ತಾರೆ.

ಡಬ್ಬಿಯಲ್ಲಿರುವುದು ಗಂಡು ಗಿಡದ ಹೂವಿನ ಪರಾಗ. ಮೂರು ಸಾವಿರ ಹೂ ಬಿಡಿಸಿ, ಒಣಗಿಸಿ, ಜರಡಿ ಹಿಡಿದರೆ ಸಿಗುವುದು ಒಂದೂವರೆ ಚಮಚ. ಅದನ್ನು ಹೆಣ್ಣು ಗಿಡದ ಹೂವಿಗೆ ಮುಟ್ಟಿಸಿದರೇ ಹೈಬ್ರಿಡ್ ಬೀಜ.

ಹದಿನಾಲ್ಕು ವರ್ಷದ ಹಿಂದೆ ಇವರೂ ಸಾಲಿನಲ್ಲಿ ಹರಟುತ್ತ ಹೂ ಮುಟ್ಟಿಸುತ್ತಿದ್ದವರೇ. ಇವರ ಅಂಗೈ ಬೆವರುವುದಿಲ್ಲ ಎಂಬುದು ಪ್ಲಾಟಿನ ಮಾಲೀಕ ಹನುಮಂತರಾಜು ಅವರ ಕಣ್ಣಿಗೆ ಬಿತ್ತು, ಪುಡಿ ಕಾಯಲು ಇವರು ಕೋಣೆ ಸೇರಿದರು. ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಪುಡಿಯ ಮುಂದೆ ಬಾಯಿ ಬಿಡುವಂತಿಲ್ಲ. ಒಣ ಕೈ ಇದ್ದ ತಪ್ಪಿಗೆ ಒಂಟಿವಾಸ! ಗಂಡ ಮುದ್ದಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ಬರುವುದು ಮಳೆಗಾಲಕ್ಕೇ. ಮನೆಯಲ್ಲೂ ಮಾತಿಲ್ಲ, ಇಲ್ಲೂ ಇಲ್ಲ.

"ಹೊರಗೆ ಅವರು ನಗ್ತಿರ್ತಾರೆ. ಏನಕ್ಕೆ ನಕ್ರೋ ತಿಳಿಯಲ್ಲ. ಆಮೇಲೆ ಕೇಳಾಕೆ ನಾಚಿಕೆ."

ಮೊದಲ ವರ್ಷ ಅವಸರಪಟ್ಟು ತಣ್ಣನೆಯ ಡಬ್ಬಿ ತೆರೆದರು. ಪುಡಿ ಮುದ್ದೆಯಾಗಿ, ನಾಲ್ಕು ದಿನದ ಹೂವೆಲ್ಲ ಉದುರಿತ್ತು. ಈ ಸಲದ ದಿಗಿಲು ಅದಕ್ಕಿಂತ ದೊಡ್ಡದು. ಎಲೆ ಮುದುರು ರೋಗಕ್ಕೆ ಗಂಡು ಸಾಲುಗಳೆಲ್ಲ ಒಣಗಿವೆ. ಮೂರು ವಾರದಿಂದ ಕಾಪಿಟ್ಟ, ಇವತ್ತು ಮೊದಲ ಸಲ ತೆರೆಯುವ ಈ ಡಬ್ಬಿಯೇ ಕೊನೆಯದು. ಪುಡಿಗೆ ಜೀವ ಇಲ್ಲದಿದ್ದರೆ ಹದಿನೆಂಟು ಜನರೂ ಮನೆಗೆ ಹೋಗಬೇಕು.

"ಜೀವ ಐತೇನೇ ಅದ್ರಾಗೆ?" ಬಾಗಿಲಾಚೆಯಿಂದ ಗೆಳತಿ ಹೊನ್ನಕ್ಕ ಕೇಳುತ್ತಾರೆ.

"ನಂಗೇನ್ ಗೊತ್ತು? ಐದು ದಿನ ಬಿಟ್ಟು ಗಿಡಾನೇ ಹೇಳ್ತೈತೆ."

ಐದನೆಯ ಬೆಳಿಗ್ಗೆ ಕೊಲ್ಲಾಪುರಮ್ಮ ಡಬ್ಬಿ ತೆರೆದು ಪುಡಿ ಹಂಚುತ್ತಿರುವಾಗಲೇ ಹೊಲದಿಂದ ಹೊನ್ನಕ್ಕನ ಕೂಗು: "ಕಾಯಿ ಕಚ್ಚೈತೆ ಕಣೇ! ಸಾಲಿಗೆ ಸಾಲೇ ಕಚ್ಚೈತೆ!"

ಒಳಗೆ ಪುಡಿ ಹಾರೀತೆಂದು ಕೊಲ್ಲಾಪುರಮ್ಮ ಉಸಿರು ಬಿಗಿಹಿಡಿದಿದ್ದಾರೆ, ಕಣ್ಣು ತುಂಬಿವೆ. ಮುಚ್ಚಳ ಬಿಗಿದು, ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟ ಮೇಲೆಯೇ ಬಾಯಿ ಬಿಡುತ್ತಾರೆ.

"ಇದ್ರಾಗಿನ ಕೊನೇ ಚಿಟಿಕೆ ಖಾಲಿ ಆಗ್ಲಿ. ಆಮೇಲೆ ಹಣ್ಣು ಬಿಡ್ಸಾಕೆ ನಾನೂ ಅವರ ಸಾಲಿನಾಗೆ ನಿಂತ್ಕಂಡು, ಬಾಯಿ ನೋಯೋವರ್ಗೂ ಮಾತಾಡ್ತೀನಿ."